ಸಹಿ ಹಾಕಿದ ಖಾಲಿ ಹಾಳೆ

"ಅವ್ವಾ ಲತಾಮಣಿ, ಬಂದಿರೋ ಕೆಲ್ಸಾನೇ ಒಲ್ಲೆ ಅಂತ ಬರ್ಕೊಟ್ಟಿದೀಯಂತಲ್ಲವ್ವಾ! ತಲೆಗಿಲೆ ಕೆಟ್ಟೈತಾ?"

ಯೂನಿವರ್ಸಿಟಿ ಜೀಪು ಓಡಿಸುವ ಉಗ್ರಪ್ಪ ಹೊಲದ ಬದುವಿನ ಮೇಲೆ ಏದುಸಿರು ಬಿಡುತ್ತ ನಿಂತಿದ್ದ. ಹಳೇಬೀಡಿನಾಚೆಯ ಆ ಹೊಲದಲ್ಲಿ ಲತಾಮಣಿ ಬೆಳಗಿನಿಂದ ಶಾಸನದ ಕಲ್ಲಿಗೆ ಒದ್ದೆ ಕಾಗದ ಹೊದಿಸಿ ಬ್ರಷ್ಷಿನಿಂದ ಬಡಿಯುತ್ತಿದ್ದಳು. ಕಾಗದ ಅಕ್ಷರದೊಳಕ್ಕೆ ಇಳಿದ ಮೇಲೆ ಮಸಿ ಮೆತ್ತಿದರೆ ಅಚ್ಚು ಸಿದ್ಧ.

"ಯಾರಣ್ಣ ಹೇಳಿದ್ದು?"

"ಆಫೀಸ್ ಬೋರ್ಡಲ್ಲಿ ಅಂಟ್ಸವ್ರೆ ಕಣವ್ವ. ಆ ಎಲ್ಡು ವರ್ಸದ ಪೋಸ್ಟ್ ಡಾಕ್ ಹುದ್ದೆಗೆ ಮೊದ್ಲ್ನೇ ಹೆಸ್ರು ನಿಂದೇ. ಪಕ್ದಲ್ಲೇ, ಅವ್ಳೇ ಬ್ಯಾಡ ಅಂದವ್ಳೆ, ಅದ್ಕೇ ಮಧುಕುಮಾರಂಗೆ ಅಂತ ಐತೆ. ನಿನ್ ಪತ್ರದ ಜೆರಾಕ್ಸೂ ಅಂಟ್ಸವ್ರೆ. ಸೈನು ನಿಂದೇಯ."

ಬ್ರಷ್ಷು ಕೈಯಲ್ಲೇ ನಿಂತಿತು. ಪಿಎಚ್‌ಡಿ ಮಾಡುವಾಗ ಆರು ತಿಂಗಳಿಗೊಂದು ಪ್ರಗತಿ ವರದಿ ಕೊಡಬೇಕಿತ್ತು. ಪ್ರತಿ ಸಲ ತನ್ನೂರು ಹಾರನಹಳ್ಳಿಯಿಂದ ಹೋಗಲಾಗದೆ ಅವಳೂ ಎಲ್ಲರ ಹಾಗೆ ಖಾಲಿ ಹಾಳೆಗಳ ಬುಡದಲ್ಲಿ ಸಹಿ ಹಾಕಿ ಗೈಡ್ ಕೈಗೆ ಕೊಟ್ಟಿದ್ದಳು. ವಿಭಾಗದಲ್ಲಿ ಅದು ಹಿಂದಿನಿಂದ ಬಂದ ರೂಢಿ. ಉಳಿದ ಹಾಳೆ ವಾಪಸ್ ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಗೈಡ್ ಪ್ರೊಫೆಸರ್ ಅಲ್ಲೇ ತೆಂಗಿನ ನೆರಳಿನಲ್ಲಿ ಎಳನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿಯ ಅಣ್ಣನ ಮಗ ಮಧುಕುಮಾರ.

"ನಾನ್ ಯಾವಾಗ ಸಾರ್ ಬೇಡ ಅಂದೆ?"

ಅವರು ಎಳನೀರು ಮುಗಿಸಿಯೇ ತಲೆಯೆತ್ತಿದರು. "ಮುಂದಿನ ವರ್ಷ ನೋಡೋಣಮ್ಮ. ಇವನಿಗೆ ಮದುವೆ ಗೊತ್ತಾಗಿದೆ. ನಿಮಗೇನು, ಸರ್ಕಾರ ಎಲ್ಲಾ ಕೊಡುತ್ತೆ. ನಿಮ್ಮಪ್ಪ ತಮಟೆ ಬಡೀತಿದ್ದ, ನೀನು ಕಲ್ಲು ಬಡಿ. ಹೋಗು, ಕಾಗದ ಒಣಗುತ್ತೆ."

ಮಧುಕುಮಾರ ಕಿಸಕ್ಕೆಂದ.

"ಬಡ್ದಿದ್ದೂ ನಾನೇ, ಓದಿದ್ದೂ ನಾನೇ," ಅವಳು ಅವನತ್ತ ತಿರುಗಿದಳು. "ಬಾರ್ಲಾ, ಒಂದ್ ಸಾಲು ಓದು ನೋಡನ!"

ಅವನು ಕಲ್ಲು ನೋಡಿದ, ಮಾವನನ್ನು ನೋಡಿದ, ಚಪ್ಪಲಿಯಲ್ಲಿ ಮಣ್ಣು ಕೆದಕಿದ.

"ಥೂ ಮುಂಡೇದೇ! ನನ್ ಅನ್ನ ಕಿತ್ಕಂಡು ಹಸೆಮಣೆ ಹತ್ತೀಯೇನ್ಲಾ?"

"ಏಯ್, ನಾಲಿಗೆ!" ಪ್ರೊಫೆಸರ್ ಎದ್ದರು. "ಯಾವ ಯೂನಿವರ್ಸಿಟಿ ಮೆಟ್ಲೂ ಹತ್ತದ ಹಾಗೆ ಮಾಡ್ತೀನಿ."

ಅವಳಾಗಲೇ ಬದುವಿನಾಚೆ ನಿಂತಿದ್ದ ಜೀಪಿನ ಹತ್ತಿರವಿದ್ದಳು. ಮುಂದಿನ ಸೀಟಿನಲ್ಲಿ, ಪ್ರೊಫೆಸರ್ ಹೋದಲ್ಲೆಲ್ಲ ಒಯ್ಯುವ ವಿದ್ಯಾರ್ಥಿಗಳ ಫೈಲು.

"ಉಗ್ರಪ್ಪ, ಬಾಗ್ಲು ಹಾಕೋ!" ಪ್ರೊಫೆಸರ್ ಕೂಗಿದರು.

ಉಗ್ರಪ್ಪ ಬೀಡಿ ಹಚ್ಚುತ್ತ ಬೆನ್ನು ತಿರುಗಿಸಿದ. "ಚಿಲ್ಕ ಕೆಟ್ಟೋಗೈತೆ ಸಾ."

ಫೈಲಿನಲ್ಲಿ ಅವಳ ಸಹಿಯ ಖಾಲಿ ಹಾಳೆ ಇನ್ನೂ ಮೂರಿದ್ದವು. ಅವಳದಷ್ಟೇ ಅಲ್ಲ, ಅದೇ ಗೈಡ್ ಕೈಕೆಳಗೆ ಓದಿದ ಸೌಂದರ್ಯಳದು, ಕೆಂಚಪ್ಪನದು, ಒಟ್ಟು ಏಳು ಜನರದು. ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು, ಹಿಂದಿನಿಂದ ಬರುತ್ತಿದ್ದ ಬೈಗುಳಕ್ಕೆ ತಿರುಗದೆ, ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ನಡೆದಳು.

ಕಾಯಿನ್ ಬೂತಿನಿಂದ ಮೊದಲು ಸೌಂದರ್ಯಳಿಗೆ ಫೋನು. "ನಂದೂ ಐತೇನೇ? ಅಯ್ಯೋ ಅವ್ನ ಮನೆ ಹಾಳಾಗ! ಇರು, ಎಲ್ಲಾರ್ನೂ ಹೊರಡುಸ್ತೀನಿ," ಎಂದಳು ಅವಳು.

ಎರಡನೆಯ ನಾಣ್ಯ ರಿಜಿಸ್ಟ್ರಾರ್ ಕಚೇರಿಗೆ.

"ಸಾರ್, ನಾನು ಡಾಕ್ಟರ್ ಲತಾಮಣಿ. ಕೆಲಸ ಬೇಡ ಅಂತ ನಾನು ಬರೆದಿಲ್ಲ. ನನ್ನ ಸಹಿ ಇರೋ ಖಾಲಿ ಹಾಳೆಗಳು ಗೈಡ್ ಫೈಲಲ್ಲಿದ್ವು. ಈಗ ನನ್ನ ಕೈಲಿವೆ."

ರಿಜಿಸ್ಟ್ರಾರ್ ದನಿ ತಗ್ಗಿಸಿದರು. "ನಾಳೆ ಹನ್ನೊಂದಕ್ಕೆ ಬಾಮ್ಮ. ಹಾಳೆ ಕೊಟ್ಟು ಹೋಗು. ಗಲಾಟೆ ಬೇಡ, ಒಬ್ಬಳೇ ಬಾ."

"ಹನ್ನೊಂದಕ್ಕೇ ಬತ್ತೀವಿ ಸಾರ್. ಹಾಳೆ ಕೊಡಲ್ಲ, ತೋರಿಸ್ತೀವಿ. ಏಳು ಕುರ್ಚಿ ಹಾಕ್ಸಿರಿ."