ನೀಲಿ ಮೊಟ್ಟೆಯ ಹೇಂಟೆ

ಬಾಣಂತನದ ಕೊನೆಯ ದಿನಕ್ಕೆ ಕರಿಕೋಳಿಯ ಸಾರು ಆಗಲೇಬೇಕೆಂದು ಅತ್ತೆ ಬೆಳಗಿನಿಂದ ಹಟ ಹಿಡಿದಿದ್ದರು. ತ್ಸೈಫೆನ್ ಶುಂಠಿ ಜಜ್ಜುತ್ತ ಕೇಳಿಸಿಕೊಂಡಳು. ತನ್ನ ಸೊಸೆಗೆ ಹೆರಿಗೆಯಾಗಿ ತಾನು ಅಜ್ಜಿಯಾದಂದಿನಿಂದ ಅವಳ ನಿದ್ದೆ ಚೂರುಚೂರಾಗಿತ್ತು. ಮಗು ಅತ್ತರೂ ಏಳಬೇಕು, ಅಳದಿದ್ದರೆ ಉಸಿರು ನೋಡಲೆಂದು ಏಳಬೇಕು.

ಗೂಡಿನಲ್ಲಿ ಉಳಿದದ್ದು ಎರಡೇ ಎಳೆ ಹೇಂಟೆ. ಮದುವೆಯಾಗಿ ಈ ಜಿಯಾಂಗ್‌ಶಿ ಪ್ರಾಂತ್ಯದ ಗುಡ್ಡದೂರಿಗೆ ಬರುವಾಗ ಅವಳು ತವರಿನಿಂದ ಬಿದಿರು ಬುಟ್ಟಿಯಲ್ಲಿ ತಂದ ಕೋಳಿಗಳ ಕೊನೆಯ ಕುಡಿಗಳು. ಆ ತಳಿಯ ಗರಿ, ಚರ್ಮ, ಮೂಳೆ ಎಲ್ಲ ಕಪ್ಪು, ಮೊಟ್ಟೆ ಮಾತ್ರ ತಿಳಿನೀಲಿ. ಉಳಿದವನ್ನೆಲ್ಲ ಚಳಿಗಾಲದ ರೋಗ ಬಳಿದುಕೊಂಡು ಹೋಯಿತು. ಈ ಎರಡಕ್ಕೂ ಅಪ್ಪ ಪಕ್ಕದ ಮನೆಯ ಕೆಂಪು ಹುಂಜ. ಒಂದು ತಾಯಿಯಂತೆ ಕಡುಕಪ್ಪು. ಇನ್ನೊಂದಕ್ಕೆ ಕಂದು ಗರಿ, ಬೂದು ಕಾಲು, ಕೆಂಪು ಜುಟ್ಟು.

"ಅತ್ತೆ, ಕರೀದನ್ನ ಬಿಟ್ಬಿಡಿ. ನಮ್ಮಮ್ಮನ ತಳಿ ಅದೊಂದ್ರಲ್ಲೇ ಉಳ್ದಿರೋದು. ಆ ಕಂದು ಕೋಳಿ ಕುಯ್ಯೋಣ."

"ಬಾಣಂತಿಗೆ ಸಿಕ್ಕಿದ್ ಕೋಳಿ ಹಾಕಿದ್ರು ಅಂತ ಬೀಗರು ಊರೆಲ್ಲಾ ಹೇಳ್ಕೊಂಡು ಬರ್ಲಿ ಅಂತಾನಾ? ನಿನ್ನ ಬಾಣಂತನಕ್ಕೆ ನಾನು ಕರೀದೇ ಹಾಕಿದ್ದೆ. ಅದ್ಕೇ ಈ ವಯಸ್ಸಲ್ಲೂ ಇಷ್ಟು ವಾದ ಮಾಡೋ ಶಕ್ತಿ ಇದೆ ನಿಂಗೆ."

ಒಳಗಿನಿಂದ ಸೊಸೆ ಯೂಲಿಯನ್ ಕೂಗಿದಳು: "ನಂಗೆ ಯಾವ ಕೋಳೀನೂ ಬೇಡ. ತಲೆ ತೊಳ್ಕೊಳೋಕೆ ಬಿಡಿ, ಸಾಕು."

"ಬಾಣಂತನ ಮುಗಿಯೋ ತನಕ ತಲೆಗೆ ನೀರು ಸೋಕಬಾರ್ದು. ನಾಳೆ ತೊಳ್ಕೊಳ್ಳುವಿಯಂತೆ, ಸುಮ್ನೆ ಮಲಗೇ," ಎಂದರು ಅತ್ತೆ.

ತ್ಸೈಫೆನ್ ಮೆಲ್ಲಗೆ ಕೇಳಿದಳು: "ಎರಡರಲ್ಲಿ ಯಾವುದಾದ್ರೂ ಮೊಟ್ಟೆ ಇಡ್ತಿದ್ಯಾ?"

"ಒಂದು ಇಡ್ತಿದೆ. ಯಾವುದು ಅಂತ ಗೂಡಿನ ಮುಂದೆ ಕೂತ್ಕೊಂಡಿದ್ನಾ? ಹೊಸ ಹೇಂಟೆ ಮೊಟ್ಟೆ, ಮಗು ಹೆಸರಲ್ಲಿ ಹಂಚೋಕೆ ಒಳ್ಳೇದು ಅಂತ ಬೇಯಿಸಿ ಕೆಂಪು ಬಣ್ಣ ಹಾಕಿದೀನಿ."

"ಅದಕ್ಕೆ ಮುಂಚೆ ಯಾವ ಬಣ್ಣ ಇತ್ತು?"

"ಪೊರೆ ಬಂದ ಕಣ್ಣಿಗೆ ಯಾವ ಬಣ್ಣನೇ? ಎಲ್ಲಾ ಒಂದೇ."

ಕೆಂಪು ಬಳಿದಿಟ್ಟ ರಾಶಿಯಲ್ಲಿ, ಅಂಗಡಿಯ ದಪ್ಪ ಮೊಟ್ಟೆಗಳ ನಡುವಿನಿಂದ, ತ್ಸೈಫೆನ್ ಹೊಸ ಹೇಂಟೆಯ ಪುಟ್ಟ ಮೊಟ್ಟೆಯೊಂದನ್ನು ಆರಿಸಿ ಒಡೆದಳು. ಕಂದು ಮೊಟ್ಟೆಯ ಬಣ್ಣ ಹೊರಮೈಗಷ್ಟೇ. ನೀಲಿ ಹಾಗಲ್ಲ, ಚಿಪ್ಪಿನ ಆಳಕ್ಕೂ ಇಳಿದಿರುತ್ತದೆ. ಒಳಗಿನ ಬಿಳಿ ಪೊರೆಯನ್ನು ಉಗುರಿನಿಂದ ಸುಲಿದು ಕಿಟಕಿಗೆ ಹಿಡಿದಳು. ನೀಲಿಯೇ. ಹಸಿರು ಬೆರೆತ, ಮಂಕಾದ ನೀಲಿ.

ಸಂತೋಷಕ್ಕಿಂತ ಮೊದಲು ಭಯ ಬಂತು. ಇಟ್ಟದ್ದು ಕರಿಯದೇ ಇರಬೇಕು. ಅದರ ಕುತ್ತಿಗೆಗೇ ಈಗ ಕತ್ತಿ.

ಅವಳು ಹಿತ್ತಲಿಗೆ ಹೋಗಿ ಕರಿಯದನ್ನು ಹಿಡಿದು ಹಿಂಭಾಗದ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡಿದಳು; ಮೊಟ್ಟೆಯಿಡುವ ಹೇಂಟೆಗೆ ಅಲ್ಲಿ ಅಗಲವಾಗಿರುತ್ತದೆ. ಒಂದು ಬೆರಳಿಗೂ ಜಾಗವಿಲ್ಲ. ಇದು ಇನ್ನೂ ಮೊಟ್ಟೆಗೆ ಬಂದೇ ಇಲ್ಲ. ಕಂದು ಹೇಂಟೆಯನ್ನು ಹಿಡಿದಳು. ಮೂರು ಬೆರಳು ಸಲೀಸಾಗಿ ಕೂತವು. ನೀಲಿ ಮೊಟ್ಟೆ ಇದರದೇ. ಬೆಳಗಿನಿಂದ ಅವಳು ಕುಯ್ಯೋಣ ಎಂದು ಬೇಡಿಕೊಂಡದ್ದು ಇದನ್ನು. ತವರಿನ ಗುರುತನ್ನು ಗರಿಯಲ್ಲಿ ಹುಡುಕಿದ್ದಳು.

ಕಂದು ಹೇಂಟೆಯನ್ನು ಗೂಡಿಗೆ ಬಿಟ್ಟು, ಕರಿಯದನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಬಂದಳು.

"ಏನೇ, ಮನಸ್ಸು ತಿರುಗ್ತಾ?"

"ನೀವು ಹೇಳಿದ್ದೇ ಆಗ್ಲಿ ಅತ್ತೆ."

ಈ ಕರಿಯದೂ ಇನ್ನು ಕೆಲವು ವಾರಗಳಲ್ಲಿ ಮೊಟ್ಟೆಗೆ ಬರುತ್ತಿತ್ತು. ನೀಲಿಯೋ ಕಂದೋ, ಯಾರಿಗೆ ಗೊತ್ತು. ಅಷ್ಟು ದಿನ ಕಾಯೋಣವೆಂದು ಈ ಮನೆಯಲ್ಲಿ ಇನ್ನೊಂದು ವಾದ ಹೂಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಕೋಳಿ ಅವಳ ತೋಳಿಗೆ ಬೆಚ್ಚಗೆ ಒರಗಿತ್ತು. ಅವಳು ಒಂದೇ ಕೈಯಲ್ಲಿ ನೀರಿನ ಹಂಡೆಯನ್ನು ಒಲೆಯ ಮೇಲೆ ಎಳೆದಿಟ್ಟಳು.