ಪೆರು ಕೋಳಿಗೆ ಬೇಕಾದ ಹಳದಿ ಮೆಣಸು

ತಂಗಿಯ ದವಡೆಗೆ ಬಿಗಿದಿದ್ದ ತಂತಿಯನ್ನು ಡಾಕ್ಟರು ಬಿಚ್ಚಿದ್ದು ಅವತ್ತು ಬೆಳಿಗ್ಗೆ. ಆರು ವಾರ ಸ್ಟ್ರಾ ಇಟ್ಟುಕೊಂಡು ಸೂಪು ಕುಡಿದವಳು ಅಕ್ಕನ ಮನೆಗೆ ಬಂದವಳೇ ಪೆರು ದೇಶದ ಸುಟ್ಟ ಕೋಳಿ ಬೇಕೆಂದಳು. ಮದುವೆಗೆ ಮುಂಚೆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಅದನ್ನು ಕಲಿತಿದ್ದಳು.

"ಕೋಳಿ ನಿನ್ನ ಅಂಗಡೀಲೇ ಇದೆ. ಜೀರಿಗೆ, ಬೆಳ್ಳುಳ್ಳಿ, ಸೋಯಾ ಸಾಸು ಮನೇಲಿವೆ. ಹಳದಿ ಮೆಣಸಿನ ಪೇಸ್ಟು, ಕಪ್ಪು ಪುದೀನ, ಇವೆರಡು ಸಿಕ್ಕಿದ್ರೆ ಆಯ್ತು ಅಕ್ಕ."

ಅಕ್ಕನದು ಮನೆಯ ಮುಂಭಾಗದಲ್ಲೇ ಮಾಂಸದಂಗಡಿ. ಒಂದು ಕೋಳಿ ತಂಗಿಯ ಕೈಗಿತ್ತು, ಏಪ್ರನ್ ಬಿಚ್ಚಿಟ್ಟು ಹೊರಟಳು. ಹಳದಿ ಮೆಣಸು ಎಂದರೆ ಎರಡು ಅಂಗಡಿಗಳಲ್ಲಿ ಅರಿಶಿನ ತೋರಿಸಿದರು. ಮೂರನೆಯದು ವಿದೇಶಿ ಸಾಮಾನಿನ ಅಂಗಡಿ. ಅಲ್ಲಿಯ ಮುದುಕ ಏಣಿ ಹತ್ತಿ, ಇದ್ದ ಒಂದೇ ಬಾಟಲಿಯನ್ನು ಮೇಲಿಂದಲೇ ಅವಳ ಕೈಗಿತ್ತ.

"ಕಪ್ಪು ಪುದೀನ ಇಲ್ಲಮ್ಮ. ಮಾಮೂಲಿ ಪುದೀನಕ್ಕೆ ಕೊತ್ತಂಬರಿ ಸೇರಿಸಿ. ಕೋಳಿಯೇನೂ ತಕರಾರು ಮಾಡಲ್ಲ."

ಅವಳು ನಗುತ್ತಿರುವಾಗಲೇ ಬೆನ್ನ ಹಿಂದೆ ದನಿ ಕೇಳಿತು. "ಯಾರಿಗೆ ಅತ್ತಿಗೆ ಔತಣ?"

ತಂಗಿಯ ಗಂಡ. ಆ ದವಡೆ ಮುರಿದವನು. ಜಾಮೀನಿನ ಮೇಲೆ ಹೊರಬಂದು ಅಕ್ಕನ ಬೆನ್ನು ಹತ್ತಿದ್ದ.

"ಬಾಯಿ ಸರಿಹೋಯ್ತಂತಲ್ಲ. ಅವಳನ್ನ ಮನೆಗೆ ಕಳಿಸು."

"ದಾರಿ ಬಿಡು."

ಅವನು ಬಾಟಲಿ ಕಿತ್ತುಕೊಂಡು ಅವಳ ಹಣೆಗೆ ಬೀಸಿದ. ಗಾಜು ಚೂರಾಯಿತು. ರಕ್ತದ ಜೊತೆ ಖಾರ ಕಣ್ಣಿಗಿಳಿದು ಏನೂ ಕಾಣದಾಯಿತು. ಅವಳ ಜುಟ್ಟು ಹಿಡಿದು ತಲೆಯನ್ನು ಕಪಾಟಿಗೆ ಬಡಿದ, ಒಂದು ಸಲ, ಎರಡು ಸಲ. ಏಣಿಯ ಮೇಲಿಂದ ಮುದುಕ ಬೊಬ್ಬೆ ಹಾಕಿದ. ಅಷ್ಟರಲ್ಲಿ ಅವಳ ಕೈಗೆ ಅವನ ಮೊಣಕೈ ಸಿಕ್ಕಿತು. ಕೀಲು ಎಲ್ಲಿ ಬಿಡುತ್ತದೆಂದು ಅವಳ ಬೆರಳಿಗೇ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ. ಹೆಬ್ಬೆರಳು ಒತ್ತಿ, ತಿರುಚಿ, ಎಳೆದಳು. ಲಟ್ಟೆಂದಿತು. ಅವನು ಚೀರುತ್ತಾ ಗಾಜಿನ ಮೇಲೆ ಬಿದ್ದ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಅದೇ ಕೈಯ ಮಣಿಕಟ್ಟನ್ನೂ ಮುರಿದಳು.

ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಮುದುಕ ಕಂಡದ್ದನ್ನು ಕಂಡಂತೆಯೇ ಹೇಳಿದ, ಮಣಿಕಟ್ಟಿನದೊಂದನ್ನು ಬಿಟ್ಟು. ಹಣೆಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡು, ಹೇಳಿಕೆ ಕೊಟ್ಟು, ಅಕ್ಕ ಸಂಜೆ ಬರಿಗೈಲಿ ಮನೆಗೆ ಬಂದಳು.

ನಡೆದದ್ದನ್ನೆಲ್ಲ ಕೇಳಿದ ತಂಗಿ ಅಳಲಿಲ್ಲ. ಎದ್ದು ಹಳದಿ ದಪ್ಪಮೆಣಸಿನಕಾಯಿ ಸುಟ್ಟು, ಒಣಮೆಣಸಿನ ಜೊತೆ ಅರೆದು, ಕೋಳಿಗೆ ಮೆತ್ತಿ ಒಲೆಗಿಟ್ಟಳು.

"ಅವನಿಗೆ ತುಂಬಾ ನೋವಾಯ್ತಾ ಅಕ್ಕ?" ಊಟಕ್ಕೆ ಕೂತಾಗ ಕೇಳಿದಳು.

"ಹೂಂ. ಬೇಕಾದ್ದಕ್ಕಿಂತ ಜಾಸ್ತೀನೇ ಮಾಡ್ಬಿಟ್ಟೆ ಕಣೆ."

ಅಕ್ಕ ಕೋಳಿ ಬಿಡಿಸಲು ಹೋದಳು. ಚಾಕು ಕೈಜಾರಿ ತಟ್ಟೆಗೆ ಬಿತ್ತು. ತಂಗಿ ಅದನ್ನೆತ್ತಿಕೊಂಡು ತೊಡೆ ಬಿಡಿಸಿ ಅಕ್ಕನ ತಟ್ಟೆಗೆ ಹಾಕಿದಳು. ಆಮೇಲೆ ತನ್ನ ಪಾಲನ್ನು ಎಳೆಎಳೆಯಾಗಿ ಬಿಡಿಸಿ, ಬಲಗಡೆಯ ಹಲ್ಲುಗಳಲ್ಲಿ ನಿಧಾನವಾಗಿ ಅಗಿದಳು.

"ಉಪ್ಪು ಸ್ವಲ್ಪ ಕಮ್ಮಿ," ಎಂದಳು.