ಎಲ್ಲರದ್ದೂ ಇಪ್ಪತ್ತು

ಮೂವತ್ತು, ಮೂವತ್ತೊಂದು, ಮೂವತ್ತೆರಡು. ನಿಮಿಷ ಮುಗಿಯಲು ಇನ್ನೂ ಎಂಟು ಸೆಕೆಂಡು ಇತ್ತು.

ನರ್ಸ್ ದಮಯಂತಿ ನಾಡಿ ನೋಡುವವಳಂತೆ ಅನಂತಮತಿಯವರ ಮಣಿಕಟ್ಟು ಹಿಡಿದು, ಅವರ ಎದೆಯ ಏರಿಳಿತವನ್ನು ಎಣಿಸುತ್ತಿದ್ದಳು. ಹಾಗೆ ಎಣಿಸಬೇಕೆಂದು ಕಲಿತು ಹದಿನಾಲ್ಕು ವರ್ಷವಾಗಿತ್ತು. ಎಣಿಸುವುದನ್ನು ಬಿಟ್ಟದ್ದು ಯಾವಾಗ ಎಂಬುದು ನೆನಪಿರಲಿಲ್ಲ.

ಮೂವತ್ತಾರು.

ಚಾರ್ಟಿನಲ್ಲಿ ಉಸಿರಿನ ಲೆಕ್ಕ ನಾಲ್ಕು ದಿನಗಳಿಂದ ಇಪ್ಪತ್ತು. ಅವಳದೇ ದುಂಡಗಿನ ಅಕ್ಷರ. ಬಂಟ್ವಾಳದ ಈ ಸಣ್ಣ ಆಸ್ಪತ್ರೆಯ ಎಂಟು ಮಂಚಗಳಲ್ಲೂ ಎಲ್ಲರದ್ದೂ ಇಪ್ಪತ್ತು. ಜ್ವರಕ್ಕೆ, ಬಿಪಿಗೆ ಯಂತ್ರವಿತ್ತು. ಉಸಿರಿಗೆ ಅವಳಿದ್ದಳು.

"ನಾನು ಮೂಡುಬಿದಿರೆಯಿಂದ ಈಗ ಬಂದದ್ದಷ್ಟೆ," ಮಗಳು ಸಾಧನಾ ಹೇಳಿದಳು. "ಅಮ್ಮನಿಗೆ ನನ್ನ ಗುರುತೇ ಸಿಗ್ತಾ ಇಲ್ಲ ಸಿಸ್ಟರ್."

"ನಿದ್ದೆಯ ಮಂಪರು ಇರಬಹುದು."

"ಕಣ್ಣು ಬಿಟ್ಟೇ ಇದ್ದಾರಲ್ಲ."

ಸೊಂಟದ ಆಪರೇಷನ್ ಮಾಡಿದ ಡಾಕ್ಟರ್ ಶಶಿರಾಜ್ ಬೆಳ್ತಂಗಡಿಯ ಕ್ಲಿನಿಕ್ಕಿನಲ್ಲಿದ್ದರು. ಉಸಿರು ಮೂವತ್ತಾರು ಎಂದು ದಮಯಂತಿ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ.

"ಒಮ್ಮೆಲೇ ಶುರುವಾದದ್ದಾ, ಸ್ವಲ್ಪ ಸ್ವಲ್ಪವೇ ಏರಿದ್ದಾ?"

ದಮಯಂತಿ ಚಾರ್ಟಿನ ಹಾಳೆ ತಿರುಗಿಸಿದಳು. ಒಮ್ಮೆಲೇ ಆದರೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮೆಲ್ಲಗೆ ಏರಿದ್ದಾದರೆ ಕಫ, ಸೋಂಕು. ಹೆಪ್ಪಿನ ಮದ್ದನ್ನು ಸುಮ್ಮನೆ ಕೊಟ್ಟರೆ ಹಸಿ ಗಾಯ ಒಳಗೊಳಗೇ ಸೋರುತ್ತದೆ.

"ಬೇಗ ಹೇಳಿ ಮಾರಾಯ್ರೆ. ಇಲ್ಲಿ ಹೊರಗೆ ಜನ ಉಂಟು."

"ಚಾರ್ಟಿನಲ್ಲಿ ಬೆಳಿಗ್ಗೆ ಇಪ್ಪತ್ತು ಉಂಟು."

"ಹಾಗಾದ್ರೆ ಹೆಪ್ಪೇ. ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡಿ, ಆಂಬುಲೆನ್ಸಿಗೆ ಹೇಳಿ. ನೀವು ಸರಿಯಾಗಿ ಬರೆದಿಡ್ತೀರಿ, ಅದೊಂದು ಧೈರ್ಯ."

ಅವಳು ಸುಳ್ಳು ಹೇಳಿರಲಿಲ್ಲ, ಚಾರ್ಟಿನಲ್ಲಿದ್ದದ್ದನ್ನೇ ಹೇಳಿದ್ದಳು. ಹೆದರಿಕೆಯಾದದ್ದು ಅದಕ್ಕೇ.

ಸಿರಿಂಜಿಗೆ ಮದ್ದು ತುಂಬಿಸಿದಳು. ಸಾಧನಾ ಅಮ್ಮನ ಸೀರೆಯ ಅಂಚನ್ನು ಸರಿಸಿ ಜಾಗ ಮಾಡಿಕೊಟ್ಟಳು.

"ಇದರಲ್ಲಿ ಸರಿಯಾಗ್ತದಲ್ಲ ಸಿಸ್ಟರ್?"

"ಒಂದು ನಿಮಿಷ."

ಎಡಗೈಯಲ್ಲಿ ಮತ್ತೆ ಡಾಕ್ಟರಿಗೆ ಫೋನು ಮಾಡಿದಳು. ನಾನು ಎಣಿಸಿರಲಿಲ್ಲ. ಎರಡೇ ಪದ, ನಾಲಿಗೆಯ ತುದಿಯಲ್ಲೇ ಇದ್ದವು. ಆ ಕಡೆ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮುದುಕಿಯ ಎದೆ ಇನ್ನೂ ವೇಗವಾಗಿ ಏರಿಳಿಯುತ್ತಿತ್ತು.

ಬೆನ್ನ ಹಿಂದೆ ವಾರ್ಡು ನಿಶ್ಶಬ್ದವಾದಂತೆನಿಸಿತು. ತಿರುಗಿದಳು.

ಮಧ್ಯಾಹ್ನದ ಬಿಳಿ ಬೆಳಕಿನಲ್ಲಿ ಉಳಿದ ಏಳು ಮಂದಿಯೂ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು. ಏಳು ಹೊದಿಕೆಗಳಲ್ಲಿ ಒಂದೂ ಏರಲಿಲ್ಲ, ಇಳಿಯಲಿಲ್ಲ. ಅವಳು ಎಣಿಸಲು ಶುರು ಮಾಡುವವರೆಗೆ ಉಸಿರಾಡಬಾರದೆಂದು ಎಲ್ಲರೂ ಮಾತಾಡಿಕೊಂಡಿರುವ ಹಾಗಿತ್ತು.